ಗೊಂಬೆಮನೆಯ ಗೋಡೆ ಬಾಗಿದೆ, ಕದ ಮುಚ್ಚುತ್ತಿಲ್ಲ: ದಯವಿಟ್ಟು ಯಾರಾದರೂ ದಾರಿ ಹೇಳಿ

ತೊಟ್ಟಿಮನೆ ಕನಸು:
ನಾಲ್ಕು ತಿಂಗಳಿಂದ ಒಂದು ತೊಟ್ಟಿಮನೆ ಕಟ್ಟುತ್ತಿದ್ದೇನೆ. ದಸರೆಗೆ ಗೊಂಬೆ ಕೂರಿಸುವ ಹೊತ್ತಿಗೆ ಮುಗಿಯಲೇಬೇಕು, ಉಳಿದಿರುವುದು ಹನ್ನೆರಡೇ ದಿನ. ನಡುಮನೆಯ ಗೋಡೆ ಮೊನ್ನೆಯವರೆಗೂ ನೂಲು ಹಿಡಿದಂತೆ ನೆಟ್ಟಗಿತ್ತು. ಇವತ್ತು ಬೆಳಿಗ್ಗೆ ನೋಡಿದರೆ ಬಾಗಿದೆ. ಒಳಗಿನಿಂದ ಅಳತೆಪಟ್ಟಿಯನ್ನು ಅಡ್ಡಲಾಗಿ ಇಟ್ಟರೆ ನಡುವಿನ ಸಂದಿಯಲ್ಲಿ ಎರಡು ನಾಣ್ಯ ಒಂದರ ಮೇಲೊಂದು ತೂರುತ್ತವೆ. ಬಾಗಿಲವಾಡ ಸೊಟ್ಟಗಾಗಿ ಕದ ಅರ್ಧಕ್ಕೇ ನಿಲ್ಲುತ್ತಿದೆ. ಆ ಕದದ ಚಿಲಕವೊಂದಕ್ಕೇ ಎರಡು ಸಂಜೆ ಹಿಡಿದಿತ್ತು. ಅಳು ಬರುತ್ತಿದೆ. ಏನು ಮಾಡಲಿ?

ಉಳಿ ಬಾಚಿ:
ಪ್ಲೈವುಡ್ ಯಾವುದು? ಹಾಳೆಯ ಮೇಲೆ 303 (ಸಾಮಾನ್ಯ ಪ್ಲೈವುಡ್ಡಿನ ಐ.ಎಸ್. ಸಂಖ್ಯೆ) ಎಂದು ಮುದ್ರೆ ಇದೆಯೋ, 710 (ನೀರಿಗೆ ತಡೆಯುವ ಮೆರೈನ್ ಪ್ಲೈವುಡ್ಡಿನದು) ಎಂದಿದೆಯೋ? 303 ಆದರೆ ಮಳೆಗಾಲದ ತೇವಕ್ಕೆ ಬಾಗಿದೆ, ಸಂದೇಹವೇ ಬೇಡ. 710 ತಂದು ಗೋಡೆ ಬದಲಾಯಿಸಿ.

ಮಂಗಳೂರು ಹೆಂಚು:
ಚಿತ್ರ ನೋಡಿದೆ, ಜಗಲಿ ಬಹಳ ಚೆನ್ನಾಗಿ ಬಂದಿದೆ. ಆದರೆ ಅಳತೆ ಯಾವುದು, ಒಂದು ಅಡಿಗೆ ಒಂದು ಅಂಗುಲವೇ? ಹಾಗಿದ್ದರೆ ಹೆಂಚು ದೊಡ್ಡದಾಯಿತು. ನಿಜವಾದ ಮಂಗಳೂರು ಹೆಂಚು ಸುಮಾರು 41 ಸೆಂ.ಮೀ. ಉದ್ದ, 23 ಸೆಂ.ಮೀ. ಅಗಲ. ಹನ್ನೆರಡರಿಂದ ಭಾಗಿಸಿದರೆ 34 ಮಿ.ಮೀ. ಉದ್ದ, 19 ಮಿ.ಮೀ. ಅಗಲ ಬರಬೇಕು. ನನ್ನ ಮನೆಗೆ ಜೇಡಿಮಣ್ಣಿನಲ್ಲಿ ಅಚ್ಚು ಹಾಕಿ 640 ಹೆಂಚು ಸುಟ್ಟಿದ್ದೇನೆ. ಕಂಬಗಳನ್ನು ಚನ್ನಪಟ್ಟಣದಲ್ಲಿ ಹಾಲೆಮರದಲ್ಲಿ ಕಡೆಸಿ ಅರಗಿನ ಬಣ್ಣ ಕೊಡಿಸಿದೆ. ಒರಳು, ಬೀಸುವ ಕಲ್ಲು ಎರಡೂ ಬಳಪದ ಕಲ್ಲಿನವು, ಬೀಸುವ ಕಲ್ಲು ತಿರುಗುತ್ತದೆ.

ಉಳಿ ಬಾಚಿ:
ಹಳೆಯ ತೊಟ್ಟಿಮನೆಗೆ ಮಂಗಳೂರು ಹೆಂಚೇಕೆ? ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ಅದಕ್ಕೂ ಹಿಂದಿನ ಮನೆಯಾದರೆ ನಾಡಹೆಂಚೇ ಸರಿ.

ಮಂಗಳೂರು ಹೆಂಚು:
ಹಳೆಯ ಮನೆಗಳಿಗೆ ಆಮೇಲೆ ಹೆಂಚು ಬದಲಾಯಿಸಲಿಲ್ಲವೇ? ನಮ್ಮ ಅಜ್ಜನ ಮನೆಯಲ್ಲಿ ಒಂದು ಪಕ್ಕ ನಾಡಹೆಂಚು, ಇನ್ನೊಂದು ಪಕ್ಕ ಮಂಗಳೂರು ಹೆಂಚು ಇತ್ತು. ನಾನು ಅದನ್ನೇ ಮಾಡಿದ್ದು.

ತೊಟ್ಟಿಮನೆ ಕನಸು:
ಹೆಂಚಿನ ಮಾತು ಆಮೇಲೆ ಆಡೋಣ, ನನ್ನ ಗೋಡೆ ನೋಡಿ! ಹಲಗೆಯಲ್ಲಿ ಮುದ್ರೆ ಇಲ್ಲ, 4 ಮಿ.ಮೀ., ಮೂರು ಪದರದ್ದು. ಅದೇ ಹಾಳೆಯಿಂದ ಕೊಯ್ದ ದೇವರಮನೆಯ ಗೋಡೆ ನೆಟ್ಟಗೇ ಇದೆ.

ಉಳಿ ಬಾಚಿ:
ಅದೂ ಬಾಗುತ್ತದೆ, ನಾಲ್ಕು ದಿನ ಕಾಯಿರಿ. ಮುದ್ರೆ ಇಲ್ಲದ ಹಲಗೆಯನ್ನು ನಂಬಲೇಬಾರದು.

ರಟ್ಟಿನ ಮೇಷ್ಟ್ರು:
ಉಳಿ ಬಾಚಿಯವರೇ, 710ರಲ್ಲಿ ನೀರಿಗೆ ಬಿಡದಂತೆ ಹಿಡಿಯುವುದು ಪದರಗಳ ನಡುವಿನ ಅಂಟು. ಒಂದೇ ಮಗ್ಗುಲಿನಿಂದ ಎಳೆತ ಬಿದ್ದರೆ ತೆಳು ಹಲಗೆ ಯಾವುದಾದರೂ ಬಾಗುತ್ತದೆ. ತಂಗೀ, ಆ ಗೋಡೆಯ ಒಳಗೆ ಏನಾದರೂ ಅಂಟಿಸಿದಿರಾ?

ತೊಟ್ಟಿಮನೆ ಕನಸು:
ಭಾನುವಾರ ಹೂಬಳ್ಳಿಯ ಕಾಗದ ಅಂಟಿಸಿದೆ, ಮೈದಾ ಅಂಟಿನಲ್ಲಿ. ಮಾರನೆಯ ದಿನವೂ ಗೋಡೆ ಸರಿಯಾಗಿಯೇ ಇತ್ತು, ಆದ್ದರಿಂದ ಹೇಳಲಿಲ್ಲ. ದೇವರಮನೆಗೆ ಇನ್ನೂ ಅಂಟಿಸಿಲ್ಲ.

ರಟ್ಟಿನ ಮೇಷ್ಟ್ರು:
ಕಾರಣ ಅದೇ. ಮೂವತ್ತು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದವನು ನಾನು, ದಿನವೂ ಕಂಡದ್ದು ಇದನ್ನೇ. ಅಂಟು ಹಚ್ಚಿದ ಕಾಗದ ನೀರು ಕುಡಿದು ಹಿಗ್ಗುತ್ತದೆ, ಹಿಗ್ಗಿದಂತೆಯೇ ಹಲಗೆಗೆ ಕಚ್ಚಿಕೊಳ್ಳುತ್ತದೆ, ಒಣಗುವಾಗ ಕುಗ್ಗಿ ಹಲಗೆಯನ್ನು ತನ್ನ ಕಡೆಗೆ ಜಗ್ಗುತ್ತದೆ. ನಿಮ್ಮ ಅಳತೆಪಟ್ಟಿಯ ನಡುವೆ ಸಂದಿ ಬಿದ್ದದ್ದು ಒಳಮಗ್ಗುಲಲ್ಲಿ, ಕಾಗದ ಇರುವ ಮಗ್ಗುಲಲ್ಲಿ. ರಟ್ಟಿಗೆ ಹೊರಗೆ ಬಟ್ಟೆ ಅಂಟಿಸಿದರೆ ಅದು ಹೊರಕ್ಕೆ ಸುರುಳುತ್ತದೆ, ಒಳಗೆ ಕಾಗದ ಕೂಡಿಸಿದ ಮೇಲೆ ಮತ್ತೆ ಚಪ್ಪಟೆಯಾಗುತ್ತದೆ.

ಗೋಡೆಯ ಹೊರಮಗ್ಗುಲಿಗೂ ಅಷ್ಟೇ ದಪ್ಪದ ಕಾಗದವನ್ನು ಅದೇ ಅಂಟಿನಲ್ಲಿ ಅಂಟಿಸಿ. ಕಾಗದದ ಎಳೆ, ಅಂದರೆ ಅದರ ನಾರು ಸಾಗುವ ದಿಕ್ಕು, ಎರಡೂ ಕಡೆ ಒಂದೇ ಇರಲಿ. ಎಳೆ ತಿಳಿಯದಿದ್ದರೆ ಚೌಕದ ತುಂಡೊಂದರ ಒಂದು ಮೈಗೆ ಮಾತ್ರ ನೀರು ಸವರಿ, ಅದು ಕೊಳವೆಯಂತೆ ಸುರುಳುತ್ತದೆ. ಕೊಳವೆ ಯಾವ ಕಡೆಗೆ ಉದ್ದವೋ ಎಳೆಯೂ ಆ ಕಡೆಗೆ. ಆಮೇಲೆ ಗೋಡೆಯ ಎರಡೂ ಬದಿಗೆ ನೆಟ್ಟಗಿನ ಮರದ ಪಟ್ಟಿ ಕೊಟ್ಟು ಕ್ಲ್ಯಾಂಪ್ ಬಿಗಿದು ಎರಡು ದಿನ ಬಿಡಿ. ಪಟ್ಟಿ ಕಚ್ಚದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ, ಹುಳು ಹತ್ತುವುದಿಲ್ಲ. ಕೈ ತೊಳೆಯಿರಿ, ಅದು ವಿಷ.

ಉಳಿ ಬಾಚಿ:
ತೇವವೂ ಸೇರಿಕೊಂಡಿದೆ ಎಂದೇ ನನ್ನ ಅಭಿಪ್ರಾಯ. ಊರು ಯಾವುದು?

ತೊಟ್ಟಿಮನೆ ಕನಸು:
ಹೊಸನಗರ. ಮಳೆ ಬಿಟ್ಟಿಲ್ಲ.

ಉಳಿ ಬಾಚಿ:
ಹಾಗಾದರೆ ಎರಡು ದಿನ ಸಾಲದು, ಮೂರು ಬಿಡಿ.

ತೊಟ್ಟಿಮನೆ ಕನಸು (ಮೂರು ದಿನದ ನಂತರ):
ಬೆಳಿಗ್ಗೆ ಕ್ಲ್ಯಾಂಪ್ ಬಿಚ್ಚಿದೆ. ಎರಡು ನಾಣ್ಯ ತೂರುತ್ತಿದ್ದ ಕಡೆ ಈಗ ಒಂದು ಪೋಸ್ಟ್‌ಕಾರ್ಡ್ ಮಾತ್ರ ತೂರುತ್ತದೆ. ಕದ ಮುಚ್ಚಿತು! ಮೇಲಿನ ಮೂಲೆ ಸ್ವಲ್ಪ ಉಜ್ಜುತ್ತದೆ, ಉಪ್ಪುಕಾಗದದಲ್ಲಿ ತೀಡುತ್ತೇನೆ. ಮೇಷ್ಟ್ರೇ, ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಈಗ ದೇವರಮನೆ. ಅದರ ಹೊರಮಗ್ಗುಲಲ್ಲಿ ದೀಪದ ತಂತಿಗಳನ್ನು ಟೇಪಿನಿಂದ ಅಂಟಿಸಿಬಿಟ್ಟಿದ್ದೇನೆ. ಬಿಚ್ಚಲೇಬೇಕೇ?

ಮಂಗಳೂರು ಹೆಂಚು:
ಎಷ್ಟು ವೋಲ್ಟಿನ ದೀಪ? ನಾನು 12 ವೋಲ್ಟಿನದು ಹಾಕಿ ತಂತಿಯನ್ನೆಲ್ಲ ದೂಲದ ಒಳಗೇ ಎಳೆದಿದ್ದೇನೆ, ಚಿತ್ರ ಹಾಕುತ್ತೇನೆ.

ರಟ್ಟಿನ ಮೇಷ್ಟ್ರು:
ಬಿಚ್ಚಿ ತಂಗೀ. ಎರಡೂ ಮಗ್ಗುಲಿಗೆ ಒಂದೇ ದಿನ ಕಾಗದ ಅಂಟಿಸಿ. ಪೂರ್ತಿ ಒಣಗಿದ ಮೇಲೆ ತಂತಿಯನ್ನು ಕಾಗದದ ಮೇಲೆಯೇ ಕೂಡಿಸಿ.