ಕೋವಿಯ ಸ್ಟಾಕಿಗೆ ಅಗಸೆ ಎಣ್ಣೆ: ಅಂಟು ಹೋಗುತ್ತಿಲ್ಲ

ಪ್ರಶ್ನೆ: ಹಳೆಯ ಜೋಡುನಳಿಗೆ ಕೋವಿ, ವಾಲ್ನಟ್ ಮರದ ಸ್ಟಾಕ್ (ಹೆಗಲಿಗೆ ಆನಿಸುವ ಮರದ ಭಾಗ). ವಾರ್ನಿಶ್ ತೆಗೆದು ಅಗಸೆ ಎಣ್ಣೆ ಬಳಿದಿದ್ದೇನೆ. ದಿನಗಳಾದರೂ ಮುಟ್ಟಿದರೆ ಬೆರಳಚ್ಚು ಮೂಡುತ್ತಿದೆ. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದೊಳಗೆ ಮುಗಿಯಬೇಕು.

ಉತ್ತರ 1: ಮೊದಲು ಡಬ್ಬಿ ನೋಡಿ. ಹಸಿ ಎಣ್ಣೆಯಾದರೆ ಕೊಡಗಿನ ಮಳೆಗಾಲದಲ್ಲಿ ವಾರಗಟ್ಟಲೆ ಒಣಗುವುದಿಲ್ಲ. ‘ಬಾಯ್ಲ್ಡ್’ ಎಂದಿರುವುದರಲ್ಲಿ ಬೇಗ ಒಣಗಿಸುವ ಲೋಹದ ಲವಣ ಇರುತ್ತದೆ, ಅದೇ ಬೇಕು. ಈಗಿನ ಅಂಟನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ 400 ನಂಬರಿನ ಉಜ್ಜುಕಾಗದದಿಂದ ಮರದ ಎಳೆಯ ದಿಕ್ಕಿನಲ್ಲೇ ಹಗುರವಾಗಿ ಉಜ್ಜಿ. ಮೊದಲ ಕೋಟ್‌ಗೆ (ಲೇಪಕ್ಕೆ) ಎಣ್ಣೆ, ಟರ್ಪೆಂಟೈನ್ ಸಮಸಮ. ಆಮೇಲೆ ಬರೀ ಎಣ್ಣೆ, ಇಡೀ ಸ್ಟಾಕಿಗೆ ಕೆಲವೇ ಹನಿ. ಅಂಗೈ ಬಿಸಿಯಾಗುವಷ್ಟು ತಿಕ್ಕಿ, 15 ನಿಮಿಷ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ. ದಪ್ಪಗೆ ಬಿಟ್ಟರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಒಂದು ಕೋಟ್‌ಗೆ ಒಂದು ದಿನ ಸಾಕು, ಈಗ ಎರಡು ಮೂರು ದಿನ ಬೇಕು. ಅವಸರ ಬೇಡ, ಐದಾರು ಕೋಟು ಆದರೇ ಮರದ ಕಳೆ ಏಳುವುದು.

ಉತ್ತರ 2: ಲೋಹಕ್ಕೆ ಮರ ಕೂಡುವ ಅಂಚಿನಲ್ಲಿ ಉಜ್ಜಲೇಬೇಡಿ, ಮರ ತಗ್ಗಾಗಿ ಲೋಹ ಎದ್ದು ಕಾಣುತ್ತದೆ. ಹಿಡಿಯ ಚೌಕುಳಿ ಗೆರೆಗಳಿಗೆ ಹಳೆ ಟೂತ್‌ಬ್ರಶ್‌ನಲ್ಲಿ ತೆಳ್ಳಗೆ ಒಂದೇ ಕೋಟು. ಸ್ಟಾಕಿನ ಹಿಂತುದಿಯ ಬಟ್ ಪ್ಲೇಟ್ ಬಿಚ್ಚಿ ಅದರಡಿಯ ಮರಕ್ಕೂ ಎಣ್ಣೆ ಕುಡಿಸಿ, ತೇವ ಹೆಚ್ಚಾಗಿ ನುಗ್ಗುವುದು ಅಲ್ಲೇ.

ಉತ್ತರ 3: ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಶಾಖಕ್ಕೆ ತಾನಾಗಿ ಹೊತ್ತಿಕೊಳ್ಳುತ್ತವೆ. ಹೊರಗೆ ಒಂದೊಂದಾಗಿ ಹರಡಿ ಅಥವಾ ನೀರಿನಲ್ಲಿ ಮುಳುಗಿಸಿಡಿ.