ಮಗಳ ಯೂನಿವರ್ಸಿಟಿ ಅರ್ಜಿ: ತಾಯಿಯಾಗಿ ಎಲ್ಲಿವರೆಗೆ ಕೈ ಹಾಕಲಿ?

ಹದಿನೇಳರ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ ಹದಿನೇಳು. ಡಿಗ್ರಿಗೆ ಹೊರದೇಶಕ್ಕೆ ಹೋಗಬೇಕು ಅಂತ ಆಸೆ ಪಟ್ಟಿದ್ದಾಳೆ. ಓದಬೇಕು ಅಂತಿರುವುದು ಜಿಯಾಲಜಿ, ಅಂದರೆ ಭೂವಿಜ್ಞಾನ. ಬ್ರಿಟನ್ನಿನ ಐದು ಯೂನಿವರ್ಸಿಟಿಗಳಿಗೆ ಯುಕಾಸ್ ಮೂಲಕ, ಅಮೆರಿಕದ ಕೆಲವಕ್ಕೆ ಕಾಮನ್ ಆ್ಯಪ್ ಮೂಲಕ ಅರ್ಜಿ ಹಾಕುವ ಯೋಚನೆ ಇದೆ. ಎರಡೂ ಹಲವು ಯೂನಿವರ್ಸಿಟಿಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆಗಳು.

ಅರ್ಜಿಗಿಂತ ಜಾಸ್ತಿ ನನಗೆ ಚಿಂತೆ ಆಗಿರುವುದು ನಮ್ಮಿಬ್ಬರ ಮಾತುಕತೆ. ನಾನು ರೂಮಿಗೆ ಕಾಲಿಟ್ಟರೆ ಲ್ಯಾಪ್‌ಟಾಪ್ ಮುಚ್ಚುತ್ತಾಳೆ. ಅರ್ಜಿ ಜೊತೆ ತನ್ನ ಬಗ್ಗೆ ಬರೆದು ಕೊಡಬೇಕಾದ ಸ್ಟೇಟ್‌ಮೆಂಟ್ ಎಲ್ಲಿಗೆ ಬಂತು ಅಂದರೆ "ಆಗ್ತಾ ಇದೆ" ಅಂತಾಳೆ. ತಿದ್ದಿಕೊಡಲಾ ಅಂದೆ, ಬೇಡ ಅಂದಳು. ಊಟಕ್ಕೆ ಕೂತರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ, ಅವಳು ಅರ್ಧಕ್ಕೇ ಎದ್ದು ಹೋಗುತ್ತಾಳೆ.

ನಮ್ಮ ಮನೆಯವರು ಒಬ್ಬ ಕನ್ಸಲ್ಟೆಂಟ್ ಹತ್ತಿರ ವಿಚಾರಿಸಿದ್ದಾರೆ. "ಬರೆಯೋದೆಲ್ಲ ನಾವೇ ರೆಡಿ ಮಾಡಿ ಕೊಡ್ತೀವಿ" ಅಂದರಂತೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಹಾಗಂತ ಪೂರ್ತಿ ಅವಳಿಗೇ ಬಿಟ್ಟರೆ ತಾರೀಕು ತಪ್ಪಿ ಹೋದೀತು ಅನ್ನುವ ಭಯ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ. ಯಾವುದು ನನ್ನ ಕೆಲಸ, ಯಾವುದು ಅವಳ ಕೆಲಸ?

ಫಿಸಿಕ್ಸ್ ಟೀಚರ್

ಮೇಡಂ, ನಾನು ಹನ್ನೊಂದು, ಹನ್ನೆರಡನೇ ತರಗತಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಮಕ್ಕಳಿಗೆ ರೆಫರೆನ್ಸ್, ಅಂದರೆ ಶಿಫಾರಸು ಪತ್ರ, ಬರೆಯುವ ಕೆಲಸ ಪ್ರತಿ ವರ್ಷ ನನ್ನ ಪಾಲಿಗೆ ಬರುತ್ತದೆ. ನನ್ನ ಮಗನೂ ಹೀಗೇ ಅರ್ಜಿ ಹಾಕಿ ಹೋದವನು. ಹಾಗಾಗಿ ಟೀಚರ್ ಆಗಿಯೂ ನೋಡಿದ್ದೇನೆ, ತಾಯಿಯಾಗಿಯೂ ನೋಡಿದ್ದೇನೆ.

ಮೊದಲು ಸ್ಟೇಟ್‌ಮೆಂಟ್ ವಿಷಯ ಹೇಳುತ್ತೇನೆ. ಮನೆಗಳಲ್ಲಿ ಜಾಸ್ತಿ ಜಗಳ ಆಗುವುದು ಅಲ್ಲೇ. ಯುಕಾಸ್‌ನಲ್ಲಿ ಮೊದಲಿನ ಹಾಗೆ ಒಂದೇ ಉದ್ದದ ಬರಹ ಈಗ ಇಲ್ಲ. 2026ರ ಪ್ರವೇಶದಿಂದ ಮೂರು ಪ್ರಶ್ನೆ ಕೇಳುತ್ತಾರೆ. ಈ ವಿಷಯವನ್ನೇ ಯಾಕೆ ಓದಬೇಕು? ಇಲ್ಲಿವರೆಗಿನ ಓದು ನಿಮ್ಮನ್ನು ಅದಕ್ಕೆ ಹೇಗೆ ತಯಾರು ಮಾಡಿದೆ? ಓದಿನ ಹೊರಗೆ ಏನೇನು ಮಾಡಿದ್ದೀರಿ, ಅದರಿಂದ ಏನು ಉಪಯೋಗ? ಮೂರಕ್ಕೂ ಸೇರಿ 4,000 ಅಕ್ಷರ, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಒಂದೊಂದು ಉತ್ತರಕ್ಕೆ ಕನಿಷ್ಠ 350 ಅಕ್ಷರ ಬೇಕು. ಒಂದೇ ಬರಹ ಐದೂ ಕಡೆಗೆ ಹೋಗುತ್ತದೆ. ಆದ್ದರಿಂದ ಐದೂ ಕೋರ್ಸ್ ಹತ್ತಿರಹತ್ತಿರ ಇದ್ದರೆ ಒಳ್ಳೆಯದು. ನಾಲ್ಕು ಜಿಯಾಲಜಿ ಹಾಕಿ, ಇರಲಿ ಅಂತ ಒಂದು ಮ್ಯಾನೇಜ್‌ಮೆಂಟ್ ಸೇರಿಸಿದರೆ ಆ ಒಂದು ಕಡೆ ಓದುವವರಿಗೆ ಇವಳು ನಮ್ಮಲ್ಲಿಗೆ ಯಾಕೆ ಬಂದಳು ಅನ್ನಿಸುತ್ತದೆ.

ಕಾಮನ್ ಆ್ಯಪ್ ಪ್ರಬಂಧದ ದಾರಿಯೇ ಬೇರೆ. 250ರಿಂದ 650 ಪದ. ಹುಡುಗಿ ಎಂಥವಳು, ಏನು ನೋಡಿ ಬೆಳೆದಳು ಅನ್ನುವುದನ್ನು ಅವರು ಅಲ್ಲಿ ಹುಡುಕುತ್ತಾರೆ. ಬ್ರಿಟನ್ನಿನವರಿಗೆ ಅವಳಿಗೂ ಕಲ್ಲುಮಣ್ಣಿಗೂ ಏನು ನಂಟು ಅಂತ ಗೊತ್ತಾಗಬೇಕು. ಹಾಗಾಗಿ ಅಲ್ಲಿಂದ ಕತ್ತರಿಸಿ ಇಲ್ಲಿಗೆ ಅಂಟಿಸುವುದು ಆಗುವುದಿಲ್ಲ. ಎರಡಕ್ಕೂ ಬೇರೆಬೇರೆ ಸಮಯ ಬೇಕು. ಹೆಚ್ಚಿನ ಮಕ್ಕಳು ಅದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಇನ್ನು ತಿದ್ದುವ ಮಾತು. "ತಿದ್ದಿಕೊಡಲಾ" ಅಂದ ಕೂಡಲೇ ಮಕ್ಕಳಿಗೆ ತಾವು ಬರೆದದ್ದು ಸರಿಯಿಲ್ಲ ಅಂತ ಕೇಳಿಸುತ್ತದೆ. ಅದರ ಬದಲು ಪ್ರಶ್ನೆ ಕೇಳಿ. ನನ್ನ ಒಬ್ಬ ವಿದ್ಯಾರ್ಥಿ ಎಂಜಿನಿಯರಿಂಗ್‌ಗೆ ಅರ್ಜಿ ಹಾಕುವಾಗ "ಚಿಕ್ಕಂದಿನಿಂದಲೂ ಯಂತ್ರಗಳೆಂದರೆ ನನಗೆ ಅಪಾರ ಕುತೂಹಲ" ಅಂತ ಶುರು ಮಾಡಿದ್ದ. ಯಾವ ಯಂತ್ರಪ್ಪಾ ಅಂತ ಕೇಳಿದೆ. ಅವರ ಮನೆಯ ವಾಷಿಂಗ್ ಮೆಷಿನ್ ಬಟ್ಟೆ ಹಿಂಡುವಾಗ ಜಾಗ ಬಿಟ್ಟು ಸರಿಯುತ್ತಿತ್ತಂತೆ. ಹಿಂದಿನ ಮುಚ್ಚಳ ಬಿಚ್ಚಿ ನೋಡಿದ್ದಾನೆ. ಒಂದು ಸ್ಪ್ರಿಂಗ್ ಸಡಿಲವಾಗಿ ಡ್ರಮ್ ಒಂದೇ ಕಡೆ ವಾಲಿತ್ತು. ತೂಕ ಒಂದು ಬದಿಗೆ ಬಿದ್ದರೆ ತಿರುಗುವ ವಸ್ತು ಯಾಕೆ ಅದುರುತ್ತದೆ, ಆ ಅದುರು ನೆಲಕ್ಕೆ ಹೇಗೆ ಇಳಿಯುತ್ತದೆ, ಎಲ್ಲ ಅವನೇ ಹೇಳುತ್ತಾ ಹೋದ. ಇದನ್ನೇ ಬರಿ ಅಂದೆ. ನಾನು ಒಂದು ಪದವನ್ನೂ ಮುಟ್ಟಲಿಲ್ಲ.

ನಿಮ್ಮ ಮಗಳನ್ನೂ ಹಾಗೇ ಕೇಳಿ. ಯಾವ ಕಲ್ಲು ನೋಡಿ ನಿಂತೆ? ರಸ್ತೆಗೆ ಗುಡ್ಡ ಕಡಿದ ಕಡೆ ಪದರಪದರ ಕಾಣುತ್ತದಲ್ವಾ, ಅದರಲ್ಲಿ ಯಾವುದು ಹಳೆಯದು ಅಂತ ಹೇಗೆ ಹೇಳ್ತೀಯಾ? ನಿಮಗೆ ನಿಜವಾಗಿ ಗೊತ್ತಿಲ್ಲದ್ದನ್ನೇ ಕೇಳಿ. ಅವಳು ನಿಮಗೆ ಪಾಠ ಮಾಡಲಿ. ಬೇಕಿದ್ದರೆ ಅವಳೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಕೇಳಿಸಿಕೊಳ್ಳಲಿ. ಮಾತಾಡುವಾಗ ಬರುವ ಸಾಲು ಬರೆಯಲು ಕೂತಾಗ ಬರುವುದಿಲ್ಲ.

ಕನ್ಸಲ್ಟೆಂಟ್ ಬರೆದು ಕೊಡುವುದಕ್ಕೆ ಖಂಡಿತ ಒಪ್ಪಬೇಡಿ. ಸ್ಟೇಟ್‌ಮೆಂಟ್‌ಗಳನ್ನು ಬೇರೆ ಬರಹಗಳ ಜೊತೆ ಹೋಲಿಸಿ ನೋಡುವ ವ್ಯವಸ್ಥೆ ಯುಕಾಸ್‌ನಲ್ಲಿದೆ. ಜಾಸ್ತಿ ಹೋಲಿಕೆ ಕಂಡರೆ ಯೂನಿವರ್ಸಿಟಿಗಳಿಗೆ ತಿಳಿಸುತ್ತಾರೆ. ಇದು ನಾನೇ ಬರೆದದ್ದು, ಬೇರೆಯವರಿಂದ ಆಗಲಿ ಎಐನಿಂದ ಆಗಲಿ ನಕಲು ಮಾಡಿದ್ದಲ್ಲ ಅಂತ ಅರ್ಜಿದಾರರು ಒಪ್ಪಿಗೆ ಕೊಡಬೇಕು. ಅದರ ಕೆಳಗೆ ಇರುವುದು ನಿಮ್ಮ ಮಗಳ ಹೆಸರು, ಕನ್ಸಲ್ಟೆಂಟ್ ಹೆಸರಲ್ಲ. ಅಲ್ಲದೆ, ದೊಡ್ಡವರ ಕೈ ಬಿದ್ದ ಬರಹ ನಮಗೆ ಓದಿದ ತಕ್ಷಣ ತಿಳಿಯುತ್ತದೆ. ತರಗತಿಯಲ್ಲಿ ಆ ಮಗು ಮಾತಾಡುವುದನ್ನು ವರ್ಷಗಟ್ಟಲೆ ಕೇಳಿರುತ್ತೇವೆ.

ರೆಫರೆನ್ಸ್ ಬೇಕು ಅಂತ ಟೀಚರ್ ಹತ್ತಿರ ಅವಳೇ ಹೋಗಿ ಕೇಳಲಿ. ಕೊನೇ ವಾರಕ್ಕೆ ಬಿಡದೆ ಒಂದು ತಿಂಗಳಾದರೂ ಮೊದಲು ಕೇಳಬೇಕು. ಕಾಮನ್ ಆ್ಯಪ್‌ನಲ್ಲಿ ಈ ಪತ್ರಗಳನ್ನು ಮುಂದೆ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಅಂತ ಒಂದು ಪ್ರಶ್ನೆ ಬರುತ್ತದೆ. ಫೆರ್ಪಾ ಅಂತ 1974ರ ಅಮೆರಿಕದ ಕಾನೂನಿನಿಂದ ಬಂದ ಹಕ್ಕು ಅದು. ಸಾಮಾನ್ಯವಾಗಿ ಬಿಟ್ಟುಕೊಡುವುದೇ ಒಳ್ಳೆಯದು. ಯಾರಿಗೂ ಹೆದರದೆ ಬರೆದ ಪತ್ರಕ್ಕೆ ತೂಕ ಜಾಸ್ತಿ. ತಂದೆತಾಯಿ ಬಂದು "ಒಂದ್ಸಲ ತೋರಿಸಿ" ಅಂದಾಗ ನಮಗೂ ತುಂಬಾ ಮುಜುಗರ ಆಗುತ್ತದೆ.

ಹಾಗಾದರೆ ನಿಮ್ಮ ಕೆಲಸ ಯಾವುದು? ತಾರೀಕು. ಅದನ್ನು ನೀವು ಹಿಡಿದುಕೊಳ್ಳಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಯುಕಾಸ್ ಗಡುವು ಅಕ್ಟೋಬರ್ 15. ಹೆಚ್ಚಿನ ಮೆಡಿಕಲ್ ಕೋರ್ಸ್‌ಗಳಿಗೂ ಅದೇ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡಕ್ಕೂ ಒಂದೇ ವರ್ಷ ಹಾಕುವ ಹಾಗಿಲ್ಲ, ಒಂದನ್ನು ಆರಿಸಬೇಕು. ಉಳಿದ ಹೆಚ್ಚಿನ ಕೋರ್ಸ್‌ಗಳಿಗೆ ಜನವರಿ. 2026ರ ಪ್ರವೇಶಕ್ಕೆ ಅದು ಜನವರಿ 14 ಆಗಿತ್ತು, ವರ್ಷವರ್ಷ ಬದಲಾಗುತ್ತದೆ. ಗಡುವು ಬ್ರಿಟನ್ ಸಮಯ ಸಂಜೆ 6ಕ್ಕೆ. ನೀವಿರುವ ಊರಿನ ಗಡಿಯಾರಕ್ಕೆ ಲೆಕ್ಕ ಹಾಕುವಾಗ ಒಂದು ನೆನಪಿಡಿ. ಅಕ್ಟೋಬರ್ ಮಧ್ಯದಲ್ಲಿ ಅವರದ್ದು ಇನ್ನೂ ಬೇಸಿಗೆ ಸಮಯ, ಜನವರಿಯಲ್ಲಿ ಅಲ್ಲ. ಒಂದು ಗಂಟೆ ವ್ಯತ್ಯಾಸ ಬರುತ್ತದೆ. ಕಾಮನ್ ಆ್ಯಪ್‌ನಲ್ಲಿ ಗಡುವು ನೀವಿರುವ ಜಾಗದ ಸಮಯಕ್ಕೆ ರಾತ್ರಿ 11.59.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರಿಗೂ ಕಾಣುವ ಕಡೆ ಅಂಟಿಸಿ. ವಾರಕ್ಕೆ ಒಂದು ದಿನ ಅರ್ಧ ಗಂಟೆ ಕೂತು ಮಾತಾಡಿ. ಯಾವ ದಿನ ಅಂತ ಅವಳೇ ಹೇಳಲಿ. ಉಳಿದ ದಿನ ಆ ಸುದ್ದಿ ಎತ್ತಬೇಡಿ. ಊಟದ ಹೊತ್ತಿನಲ್ಲಂತೂ ಬೇಡವೇ ಬೇಡ.

ಇಬ್ಬರ ಅಪ್ಪ

ಟೀಚರ್ ಚೆನ್ನಾಗಿ ಹೇಳಿದ್ದಾರೆ. ನಾನು ದುಡ್ಡಿನ ವಿಷಯ ಸೇರಿಸುತ್ತೇನೆ. ಅದು ಪೂರ್ತಿ ನಮ್ಮ ಕೆಲಸ.

ಪಟ್ಟಿ ಮಾಡುವ ಮೊದಲೇ ಮಗಳನ್ನು ಕೂರಿಸಿಕೊಂಡು ಲೆಕ್ಕ ತೋರಿಸಿ. ನಮ್ಮ ಕೈಲಿ ವರ್ಷಕ್ಕೆ ಇಷ್ಟು ಆಗುತ್ತದೆ, ಸಾಲ ಇಲ್ಲಿವರೆಗೆ ಮಾಡಬಹುದು, ಇದರ ಮೇಲೆ ಆಗುವುದಿಲ್ಲ ಅಂತ ಅಂಕಿ ಹಾಕಿ ಹೇಳಿ. ಆಫರ್ ಕೈಗೆ ಬಂದ ಮೇಲೆ "ಇದು ನಮ್ಮಿಂದ ಆಗಲ್ಲಮ್ಮ" ಅನ್ನುವುದು ಮಗುವಿಗೆ ಮಾಡುವ ಅನ್ಯಾಯ. ನನ್ನ ದೊಡ್ಡ ಮಗನಿಗೆ ಮೊದಲೇ ಹೇಳಿದ್ದರಿಂದ ಎರಡು ಕಾಲೇಜು ಅವನೇ ಪಟ್ಟಿಯಿಂದ ತೆಗೆದ.

ಅಮೆರಿಕದ ಕಡೆ ಎರಡು ವಿಷಯ ನೋಡಿಕೊಳ್ಳಿ. ಅರ್ಲಿ ಡಿಸಿಷನ್ ಅಂದರೆ ಸೀಟು ಸಿಕ್ಕರೆ ಅಲ್ಲಿಗೇ ಬರುತ್ತೇವೆ ಅನ್ನುವ ಒಪ್ಪಂದ. ಅದಕ್ಕೆ ಮಗು, ತಂದೆ ಅಥವಾ ತಾಯಿ, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ಫೀಸಿಗೆ ಅವರು ಕೊಡುವ ಹಣದ ನೆರವು ಸಾಲದಿದ್ದರೆ ಬಿಡಿಸಿಕೊಳ್ಳಲು ದಾರಿ ಇದೆ. ಆದರೂ ಬೇರೆ ಕಾಲೇಜಿನ ನೆರವನ್ನು ಪಕ್ಕದಲ್ಲಿಟ್ಟು ಹೋಲಿಸುವ ಅವಕಾಶ ಹೋಗುತ್ತದೆ. ಅರ್ಲಿ ಆ್ಯಕ್ಷನ್‌ನಲ್ಲಿ ಈ ಕಟ್ಟುಪಾಡು ಇಲ್ಲ. ಎರಡೂ ಹೆಸರು ಒಂದೇ ಥರ ಇರುವುದರಿಂದ ಸಹಿ ಹಾಕುವ ಮೊದಲು ನಿಧಾನವಾಗಿ ಓದಿ. ಇನ್ನೊಂದು, ಹೊರದೇಶದ ಮಕ್ಕಳು ನೆರವು ಕೇಳಿದರೆ ಹೆಚ್ಚಿನ ಕಾಲೇಜುಗಳಲ್ಲಿ ಅದು ಆಯ್ಕೆಯ ಮೇಲೂ ಪರಿಣಾಮ ಬೀರಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್‌ನಂಥ ಕೆಲವೇ ಕಡೆ ಆಯ್ಕೆ ಮಾಡುವಾಗ ಅದನ್ನು ನೋಡುವುದಿಲ್ಲ. ಅಲ್ಲಿ ಸೀಟು ಸಿಗುವುದೇ ಕಷ್ಟ, ಅದು ಬೇರೆ ಮಾತು.

ಬ್ರಿಟನ್ ವೀಸಾಕ್ಕೆ ಖಾತೆಯಲ್ಲಿ ಹಣ ಸತತ 28 ದಿನ ಇರಬೇಕು. ಒಂದು ದಿನ ಕಡಿಮೆ ಇದ್ದರೂ ತೊಂದರೆ. ಎಫ್‌ಡಿ ಮುರಿಯುವುದು, ಸಾಲ ಮಂಜೂರಾಗುವುದು ಎಲ್ಲ ಸೇರಿಸಿ ಹಿಂದಿನಿಂದ ಲೆಕ್ಕ ಹಾಕಿಕೊಳ್ಳಿ. ಆಗಲೂ ಅವಳಿಗೆ 18 ತುಂಬದಿದ್ದರೆ ನಿಮ್ಮ ಒಪ್ಪಿಗೆ ಪತ್ರ ಕೂಡ ಬೇಕು. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇದೆಯಾ ಅಂತ ಈಗಲೇ ನೋಡಿ.

ಫಸ್ಟ್ ಇಯರ್ ಹುಡುಗ

ಆಂಟಿ, ನಾನು ಈಗಷ್ಟೇ ಇದನ್ನೆಲ್ಲ ಮುಗಿಸಿ ಬಂದಿದ್ದೇನೆ. ಅವಳು ಲ್ಯಾಪ್‌ಟಾಪ್ ಮುಚ್ಚಿದರೆ ಬೇಜಾರು ಮಾಡಿಕೊಳ್ಳಬೇಡಿ. ನಾನೂ ಮುಚ್ಚುತ್ತಿದ್ದೆ.

ನನಗೆ ಮಾತು ತೊದಲುತ್ತದೆ. ಕಾಮನ್ ಆ್ಯಪ್ ಪ್ರಬಂಧದಲ್ಲಿ ಅದನ್ನೇ ಬರೆದಿದ್ದೆ. ಶಾಲೆಯಲ್ಲಿ ಹಾಜರಿ ಕೂಗುವಾಗ "ಪ್ರೆಸೆಂಟ್" ಅನ್ನಲು ಆಗದೆ ಸುಮ್ನೆ ಕೈ ಎತ್ತುತ್ತಿದ್ದೆ. ಎಷ್ಟೋ ದಿನ ಟೀಚರ್ ಗಮನಿಸದೆ ಆಬ್ಸೆಂಟ್ ಹಾಕಿದ್ದರು. ಅಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಬರೆಯುವಾಗ ಅವರು ಓದಿದರೆ ಅಳುತ್ತಾರೆ, ಆಮೇಲೆ ನಾನು ಬರೆಯುವುದನ್ನೇ ನಿಲ್ಲಿಸುತ್ತೇನೆ ಅನ್ನಿಸಿತ್ತು. ಸಬ್ಮಿಟ್ ಮಾಡಿದ ಮೇಲೆ ನಾನೇ ತೋರಿಸಿದೆ. ಅವರು ಅತ್ತರು. ಆಗ ನನಗೆ ಭಯ ಇರಲಿಲ್ಲ. ನಿಮ್ಮ ಮಗಳ ಬರಹದಲ್ಲೂ ಹಾಗೆ ಏನೋ ಇರಬಹುದು. ಏನೂ ಇಲ್ಲದೆಯೂ ಇರಬಹುದು. ಅರ್ಧ ಬರೆದದ್ದನ್ನು ಮನೆಯವರು ಓದುವುದು ನಮಗೆ ತುಂಬಾ ಕಷ್ಟ, ಅಷ್ಟೇ.

ಇನ್ನೊಂದು. ರಿಸಲ್ಟ್ ಒಂದೇ ದಿನ ಬರುವುದಿಲ್ಲ. ತಿಂಗಳುಗಟ್ಟಲೆ ಒಂದೊಂದಾಗಿ ಬರುತ್ತದೆ. ಯಾರಿಗೆ, ಯಾವಾಗ ಹೇಳಬೇಕು ಅನ್ನುವುದನ್ನು ಅಪ್ಪ ನನಗೇ ಬಿಟ್ಟಿದ್ದರು. ಸಂಬಂಧಿಕರು ಫೋನ್ ಮಾಡಿ ಕೇಳಿದರೆ "ಅವನೇ ಹೇಳ್ತಾನೆ" ಅಂದುಬಿಡುತ್ತಿದ್ದರು. ಅದರಿಂದ ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲು ಆಗುವುದಿಲ್ಲ. ಇಲ್ಲ ಅಂತ ಬಂದ ದಿನ ಕೂಡಲೇ "ಬಿಡು, ಅವರಿಗೇ ನಷ್ಟ" ಅನ್ನಬೇಡಿ. ಆವತ್ತು ಬೇಜಾರಾಗಲು ಬಿಡಿ. ಮರುದಿನ ಮಾತಾಡಬಹುದು.

ಹದಿನೇಳರ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ತಮ್ಮಾ, ನಿನ್ನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಿನಗೆ ಒಳ್ಳೆಯದಾಗಲಿ.

ಕನ್ಸಲ್ಟೆಂಟ್ ಬೇಡ ಅಂತ ಮನೆಯವರೂ ಒಪ್ಪಿದರು. ವಾರದ ಮಾತುಕತೆಗೆ ಮಗಳು ಶನಿವಾರ ಸಂಜೆ ಅಂದಿದ್ದಾಳೆ. ಪದರದ ಪ್ರಶ್ನೆಯನ್ನೂ ಕೇಳಿದೆ. ಕೆಳಗಿನದ್ದೇ ಹಳೆಯದು ಅಂತ ಶುರು ಮಾಡಿ, ಬಂಡೆ ಮಡಚಿಕೊಂಡು ತಿರುಗಿಬಿದ್ದಿದ್ದರೆ ಮೇಲಿನದ್ದೇ ಹಳೆಯದಾಗಿರಬಹುದು ಅಂತ ನೋಟ್‌ಬುಕ್ ಹಾಳೆ ಮಡಚಿ ತೋರಿಸಿದಳು. ಇಷ್ಟು ದಿನ ಇಷ್ಟು ಮಾತಾಡಿರಲಿಲ್ಲ.

ಟೀಚರ್, ಇನ್ನೊಂದೇ ಪ್ರಶ್ನೆ. ಅವಳು ಪರೀಕ್ಷೆಯಲ್ಲಿ ಇದ್ದಾಗಲೋ ಹುಷಾರಿಲ್ಲದಾಗಲೋ ಯುಕಾಸ್‌ಗೆ ನಾನು ಫೋನ್ ಮಾಡಿ ಕೇಳಬಹುದಾ? ಅದಕ್ಕೆ ಅವಳ ಪಾಸ್‌ವರ್ಡ್ ಬೇಕಾ?

ಫಿಸಿಕ್ಸ್ ಟೀಚರ್

ಪಾಸ್‌ವರ್ಡ್ ಬೇಡ ಮೇಡಂ, ಅದು ಅವಳ ಹತ್ತಿರವೇ ಇರಲಿ. ಅರ್ಜಿಯಲ್ಲಿ ನಾಮಿನೇಟೆಡ್ ಆ್ಯಕ್ಸೆಸ್ ಅಂತ ಒಂದು ಜಾಗ ಇದೆ. ಅವಳು ಅಲ್ಲಿ ನಿಮ್ಮ ಹೆಸರು ಹಾಕಿದರೆ ಅವಳ ಪರವಾಗಿ ನೀವು ಯುಕಾಸ್ ಜೊತೆ ಮಾತಾಡಬಹುದು. ಹಾಕದಿದ್ದರೆ ತಾಯಿ ಅಂದರೂ ಅವರು ಏನೂ ಹೇಳುವುದಿಲ್ಲ. ಹಾಕುತ್ತೀಯಾ ಅಂತ ಶನಿವಾರ ಕೇಳಿ ನೋಡಿ.

ಹಾಗೇ ಇ-ಮೇಲ್ ಶಾಲೆಯದ್ದು ಕೊಟ್ಟಿದ್ದರೆ ಬದಲಿಸಲು ಹೇಳಿ. ಶಾಲೆ ಬಿಟ್ಟ ಮೇಲೆ ಆ ಖಾತೆ ಮುಚ್ಚುವುದುಂಟು. ಆಫರ್ ಪತ್ರ, ಹಾಸ್ಟೆಲ್ ಅರ್ಜಿ, ವೀಸಾಕ್ಕೆ ಬೇಕಾಗುವ ನಂಬರ್ ಎಲ್ಲ ಬರುವುದು ಆ ಹೊತ್ತಿಗೇ.