ತುರ್ತು ಚಿಕಿತ್ಸೆ ಪ್ರಶ್ನೋತ್ತರ: ಯಾರು ಕೆಂಪು, ಯಾರು ಹಳದಿ, ಯಾರು ಹಸಿರು?

ಕಾಪು ಸದಸ್ಯ: ಡಾಕ್ಟ್ರೇ, ಕ್ಯಾಶುವಾಲ್ಟಿಗೆ ಮೊದಲು ಬಂದವರನ್ನು ಕೂರಿಸಿ ಆಮೇಲೆ ಬಂದವರನ್ನು ಒಳಗೆ ಕರೀತಾರಲ್ಲ, ಯಾಕೆ?

ಡಾಕ್ಟ್ರು: ಅದು ಬ್ಯಾಂಕಿನ ಟೋಕನ್ ಅಲ್ಲ. ಉಸಿರು, ನಾಡಿ, ಪ್ರಜ್ಞೆ ಕೆಟ್ಟವರು ಕೆಂಪು, ಅವರು ಮೊದಲು. ಸ್ವಲ್ಪ ಕಾಯಬಹುದಾದವರು ಹಳದಿ, ಕೊನೆಗೆ ನೋಡಿದರೂ ಆಗುವವರು ಹಸಿರು. ಬೊಬ್ಬೆ ಹೊಡೆಯುವವರ ಉಸಿರಾಟಕ್ಕೆ ಸದ್ಯ ತೊಂದರೆ ಇಲ್ಲ. ಮೂಲೆಯಲ್ಲಿ ಸುಮ್ಮನಾದವರನ್ನು ನೋಡಬೇಕು.

ಹೆಬ್ರಿ ಸದಸ್ಯ: ಮಾವ ಬೆಳಿಗ್ಗೆ ಅಡಿಕೆ ಮರದಿಂದ ಬಿದ್ದರು, ಸುಮಾರು 15 ಅಡಿ. ಎಡ ಪಕ್ಕೆ ತೋಟದ ಕಣಿಯ (ನೀರಿನ ಕಾಲುವೆ) ಅಂಚಿಗೆ ಬಡಿದಿದೆ. ನಡೆದೇ ಮನೆಗೆ ಬಂದರು, ಬೊಂಡ (ಎಳನೀರು) ಕುಡಿದು ಮಲಗಿದ್ದಾರೆ. ಈಗ ಎಡ ಭುಜ ನೋವಂತೆ, ಅಲ್ಲಿ ಪೆಟ್ಟೇ ಇಲ್ಲ. ನಾಳೆ ತೋರಿಸಿದರೆ ಸಾಕಾ?

ಡಾಕ್ಟ್ರು: ಸಾಲದು, ಈಗಲೇ ಹೊರಡಿ. ಎಡ ಪಕ್ಕೆಲುಬಿನ ಅಡಿಯಲ್ಲಿ ಗುಲ್ಮ (ಸ್ಪ್ಲೀನ್, ರಕ್ತ ತುಂಬಿದ ಅಂಗ) ಉಂಟು. ಅದು ಹರಿದು ರಕ್ತ ವಪೆಯ (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕೆಳಗೆ ಸೇರಿದರೆ ನೋವು ಭುಜದಲ್ಲಿ ಕಾಣಿಸುತ್ತದೆ, ಎರಡರ ನರಕ್ಕೂ ಮೂಲ ಕುತ್ತಿಗೆಯಲ್ಲೇ. ನಡೆದು ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಸ್ಸು ಉರುಳಿ 30 ಜನ ಒಟ್ಟಿಗೆ ಬಂದರೆ ನಡೆಯುವವರಿಗೆ ಮೊದಲು ಹಸಿರು ಪಟ್ಟಿ ಕಟ್ಟುತ್ತೇವೆ, ಹೌದು. ಆದರೆ ಅವರನ್ನೂ ಪುನಃ ಪುನಃ ನೋಡುತ್ತೇವೆ, ಇದೇ ಕಾರಣಕ್ಕೆ.
108 ಬರುವಷ್ಟರಲ್ಲಿ ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಉಗುರನ್ನು 5 ಸೆಕೆಂಡ್ ಒತ್ತಿ ಬಿಡಿ, 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. 750ರಿಂದ 1500 ಮಿಲಿ ಒಳಗೇ ಸೋರಿದಾಗ ನಾಡಿ ನೂರು ದಾಟುತ್ತದೆ, ಬಿಪಿ ಮಾತ್ರ ಚೆನ್ನಾಗಿಯೇ ತೋರಿಸುತ್ತದೆ. ಮನೆಯವರು ಮೋಸಹೋಗುವುದು ಅಲ್ಲೇ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ, 0.9 ದಾಟಿದರೆ ನನ್ನ ಲೆಕ್ಕದಲ್ಲಿ ಕೆಂಪು. ಅಲುಗಿಸದೆ ಅಂಗಾತ ಮಲಗಿಸಿ. ಬಾಯಿಗೆ ಏನೂ ಬೇಡ. ಸ್ಕ್ಯಾನಿಂಗ್, ರಕ್ತನಿಧಿ, ಸರ್ಜನ್ ಮೂರೂ ಇರುವಲ್ಲಿಗೇ ಹೋಗಿ. ಬೇರೆ ಮಾತ್ರೆ ಏನಾದರೂ ತಗೊಳ್ತಾರಾ?

ಮಲ್ಪೆ ಸದಸ್ಯ: ಗಂಟಲಲ್ಲಿ ಬಂಗುಡೆ ಮುಳ್ಳು ಸಿಕ್ಕಿದ್ದು ಯಾವ ಬಣ್ಣ?

ಬ್ರಹ್ಮಾವರ ಸದಸ್ಯ: ಫಾರ್ವರ್ಡ್ ಬಂದದ್ದು: ಪಾರ್ಶ್ವವಾಯು ಆದರೆ ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ. ಎಲ್ಲರಿಗೂ ಕಳಿಸಿ.

ಡಾಕ್ಟ್ರು: ಕಳಿಸಬೇಡಿ. ಹೆಪ್ಪು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆ ಸಮಯ, ಅದರಲ್ಲಿ ನೀವು ಸೂಜಿ ಹುಡುಕುತ್ತಾ ಕೂರುತ್ತೀರಿ. ಬಾಯಿ ಸೊಟ್ಟ, ಕೈ ಸೋತದ್ದು, ಮಾತು ತೊದಲಿದ್ದು ಶುರುವಾದ ಹೊತ್ತು ಬರೆದುಕೊಂಡು ಹೊರಡಿ.

ಕಾರ್ಕಳ ಸದಸ್ಯೆ: ಆಸ್ಪತ್ರೆ ಚೀಟಿಯಲ್ಲಿ ಜಿಸಿಎಸ್ (ಪ್ರಜ್ಞೆ ಎಷ್ಟಿದೆ ಅಂತ ಅಳೆಯುವ ಅಂಕ) 15ಕ್ಕೆ 8 ಅಂತ ಉಂಟು. ಅರ್ಧಕ್ಕಿಂತ ಹೆಚ್ಚು ಬಂತಲ್ಲ?

ಡಾಕ್ಟ್ರು: ಪರೀಕ್ಷೆಯ ಮಾರ್ಕ್ ಅಲ್ಲಮ್ಮ. ಲೆಕ್ಕ 3ರಿಂದ ಶುರು, ಹೆಣಕ್ಕೂ 3 ಸಿಗುತ್ತದೆ. 8 ಅಂದರೆ ಆಳವಾದ ಪ್ರಜ್ಞಾಹೀನತೆ, ಉಸಿರುದಾರಿ ಕಾಯಲು ನಳಿಗೆ ಬೇಕಾದೀತು.

ಕುಂದಾಪುರ ಸದಸ್ಯ: ಬೊಂಡ ಕುಡಿದರೆ ಎಂತ ಆಗ್ತದೆ ಮಾರಾಯ್ರೆ? ನಮ್ಮಲ್ಲಿ ಬಿದ್ದವರನ್ನು ಏಳಿಸುವುದೇ ಬೊಂಡ ಕೊಟ್ಟು.

ಕಾಪು ಸದಸ್ಯ: ಆಪರೇಷನ್‌ಗೆ ಅರಿವಳಿಕೆ ಮದ್ದು ಕೊಡುವಾಗ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಷ್ಟೂ ಗೊತ್ತಿಲ್ವಾ?

ಕುಂದಾಪುರ ಸದಸ್ಯ: ನೀವು ಡಾಕ್ಟ್ರಾ? ಆಪರೇಷನ್ ಅಂತ ಮೊದಲೇ ಹೆದರಿಸುವುದು ಬಿಲ್ ಮಾಡಲಿಕ್ಕೆ.

ಕಾಪು ಸದಸ್ಯ: ಬಿಲ್ಲಿನ ಮಾತು ಬೇರೆ ಗುಂಪಲ್ಲಿ ಆಡಿ.

ಶಿರ್ವ ಸದಸ್ಯೆ: ನಾವು ಮೊದಲು ಬಂದರೂ ಕಾಯಿಸಿದರು, ಯಾಕೆ?

ಡಾಕ್ಟ್ರು: ಮೇಲೆ ಓದಿ.

ಹೆಬ್ರಿ ಸದಸ್ಯ: ನಾಡಿ 112, ಬಿಪಿ 110/84. ಬಿಪಿಯ ಮಾತ್ರೆ ಮೆಟೊಪ್ರೊಲಾಲ್ ತಗೊಳ್ತಾರೆ.

ಡಾಕ್ಟ್ರು: ಆ ಮಾತ್ರೆ ನಾಡಿ ಏರಲು ಬಿಡುವುದಿಲ್ಲ. ಹಾಗಿದ್ದೂ 112 ಅಂದರೆ ಮಾತ್ರೆ ಇಲ್ಲದಿದ್ದರೆ ಇನ್ನೂ ಮೇಲಿರುತ್ತಿತ್ತು. ಮೇಲಿನ, ಕೆಳಗಿನ ಬಿಪಿ ನಡುವೆ 26 ಮಾತ್ರ, ಅದೂ ಒಳ್ಳೆಯದಲ್ಲ. ಮಾತ್ರೆಯ ಹೆಸರು ಹೇಳಿ ದಾಖಲಿಸಿ. ಹೊರಟಿರಾ?

ಕುಂದಾಪುರ ಸದಸ್ಯ: ಕಾಪುವಿನವರು ಕ್ಷಮೆ ಕೇಳಬೇಕು.

ಡಾಕ್ಟ್ರು: ಬೊಂಡದ ಜಗಳ ಹೊರಗೆ. ಹೆಬ್ರಿಯವರೇ?

ಹೆಬ್ರಿ ಸದಸ್ಯ: ಪೆರ್ಡೂರು ದಾಟಿದೆವು.

ಮಲ್ಪೆ ಸದಸ್ಯ: ನನ್ನ ಮುಳ್ಳು?